ಗೋಡೆಯ ಒಂಬತ್ತನೆಯ ಸಾಲು

ಹತ್ತೊಂಬತ್ತು ಹೆಸರುಗಳ ಆ ಚೀಟಿಯನ್ನು ಕೊನೆಯವರೆಗೆ ಓದಿ ನಾನು ನೆಲಕ್ಕೆ ಉಗಿದೆ. ನಲವತ್ತೊಂದು ವರ್ಷಗಳಿಂದ ಲಾ ಬಾಲ್ಸಾ ಫುಟ್‌ಬಾಲ್ ಕ್ಲಬ್ಬಿನ ಗೋಡೆಗೆ ಆಟಗಾರರ ಹೆಸರು ಬರೆಯುತ್ತ ಬಂದವನು ನಾನು. ಕುಡುಕರ ಹೆಸರು ಬರೆದಿದ್ದೇನೆ, ಸೋಮಾರಿಗಳ ಹೆಸರು ಬರೆದಿದ್ದೇನೆ, ಒಮ್ಮೆ ನಮ್ಮ ಪಾದ್ರಿಯ ತಮ್ಮನ ಹೆಸರನ್ನೂ ಬರೆದಿದ್ದೇನೆ; ಚೆಂಡು ಹತ್ತಿರ ಬಂದರೆ ಆ ಮಹಾಶಯ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆದರೆ ಇಂಥ ಕೊಳಕು ಪಟ್ಟಿಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಅದು ಮಾರ್ಚ್ ತಿಂಗಳ ಒಂದು ಶನಿವಾರದ ಬೆಳಿಗ್ಗೆ. ಮಾರನೆಯ ದಿನ ಹಂಗಾಮಿನ ಮೊದಲ ಪಂದ್ಯ, ಅದೂ ತೊರೆಯಾಚೆಯ ಮೊಲಿನೋದವರ ಮೇಲೆ. ರಾಜಧಾನಿ ಮೊಂಟೆವಿಡಿಯೋದ ದೊಡ್ಡ ಕ್ಲಬ್ಬುಗಳಿಗೆ ಕಾಗದದ ಮೇಲೆ ತಂಡ ಇದ್ದರೆ ಸಾಕು. ಮೂರನೆಯ ದರ್ಜೆಯಲ್ಲಿ ಕೊಳೆಯುತ್ತಿರುವ ನಮಗೆ ಗೋಡೆ ಬೇಕು. ಮೊದಲ ಪಂದ್ಯದ ಹಿಂದಿನ ದಿನ ಹಳೆಯ ಹೆಸರುಗಳ ಮೇಲೆ ಸುಣ್ಣ ಬಳಿದು ಹೊಸ ಹೆಸರು ಬರೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಗೋಡೆಯಲ್ಲಿರುವುದು ಹದಿನೆಂಟೇ ಸಾಲು. ನನ್ನ ಅಪ್ಪ ಮೊಳೆ ಹೊಡೆದು, ದಾರ ಕಟ್ಟಿ ಅಳೆದಿಟ್ಟದ್ದು. ಅದರ ಕೆಳಗೆ ಚರಂಡಿ. ಗೋಡೆಯ ಮೇಲೆ ಹೆಸರಿಲ್ಲದವನು ಮೊದಲ ಪಂದ್ಯ ಆಡುವಂತಿಲ್ಲ. ಒಮ್ಮೆ ಬರೆದ ಹೆಸರನ್ನು ವರ್ಷ ಮುಗಿಯುವ ತನಕ ಅಳಿಸುವಂತಿಲ್ಲ. ಕ್ಯಾಂಟೀನಿನ ಗ್ಲಾದಿಸ್ ಹನ್ನೆರಡಕ್ಕೆ ಪಾತ್ರೆಯ ಮುಚ್ಚಳ ಬಡಿದಳೆಂದರೆ ಕುಂಚ ಕೆಳಗಿಡಬೇಕು. ಹಿಂದೆ ಒಬ್ಬ ಅಧ್ಯಕ್ಷ ಇದೆಲ್ಲ ಅಜ್ಜಿಕಥೆ ಎಂದು ಗೋಡೆಯ ಮೇಲಿಲ್ಲದವನನ್ನು ಮೈದಾನಕ್ಕಿಳಿಸಿದ. ಎಂಟು ಗೋಲು ತಿಂದೆವು. ಎಂಟನೆಯದನ್ನು ಆ ಆಟಗಾರನೇ ನಮ್ಮ ಬಲೆಗೆ ಹೊಡೆದ. ಇನ್ನೊಬ್ಬ ಅಧ್ಯಕ್ಷ ಜಗಳವಾಡಿ ಒಬ್ಬನ ಹೆಸರು ಅಳಿಸಿಸಿದ. ಆ ಆಟಗಾರ ಚಳಿಗಾಲ ಬರುವ ಮೊದಲೇ ಮಣ್ಣಾದ. ಅಲ್ಲಿಂದೀಚೆಗೆ ಯಾರೂ ಬಾಲ ಬಿಚ್ಚಿಲ್ಲ.

ಈಗಿನ ಅಧ್ಯಕ್ಷ ಬರಾಂಕೋ ಹಾಸಿಗೆ ಅಂಗಡಿ ಇಟ್ಟಿದ್ದಾನೆ. ಚೀಟಿಯನ್ನು ನನ್ನ ಕೈಗೆ ಕೊಟ್ಟವನೇ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಗೋಡೆಯ ಮುಂದೆ ಐವತ್ತು ಅರವತ್ತು ಜನ ಸೇರಿದ್ದರು. ಎಂಬತ್ತು ದಾಟಿದ ತಬಾರೆ ಮುದುಕ ಮಡಚುವ ಕುರ್ಚಿ ಹಾಕಿಕೊಂಡು, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಒತ್ತಿಕೊಂಡು, ಸೋರೆ ಬುರುಡೆಯಲ್ಲಿ ಚಹಾದಂಥ ಮಾಟೆ ಸೊಪ್ಪು ತುಂಬಿ ಕೊಳವೆಯಿಂದ ಹೀರುತ್ತ ಕೂತಿದ್ದ. ಕಸಾಯಿ ಅಂಗಡಿಯ ಮಿಲ್ಟನ್ ಹೆಗಲಿಗೆ ದೊಡ್ಡ ಡ್ರಮ್ಮು ನೇತುಹಾಕಿಕೊಂಡಿದ್ದ. ಗ್ಲಾದಿಸ್ ಕ್ಯಾಂಟೀನಿನ ಕಿಟಕಿಯಿಂದ ಅರ್ಧ ಮೈ ಹೊರಹಾಕಿದ್ದಳು. ಅವಳ ಹಿಂದೆ ಒಲೆಯ ಮೇಲೆ ದನದ ಕರುಳಿನ ಸಾರು ಕುದಿಯುತ್ತಿತ್ತು.

"ಗಟ್ಟಿಯಾಗಿ ಓದಪ್ಪ ಓಸ್ಮಾರ್, ನನ್ನ ಕಿವಿ ಮಂದ," ಎಂದ ತಬಾರೆ.

"ಒಂದು, ಗೋಲ್‌ಕೀಪರ್ ರುಬಿಲಾರ್."

"ಮತ್ತೆ ಅವನೇನಾ! ಬಸ್ಸು ಓಡ್ಸೋನು! ಹೋದ್ವರ್ಷ ಚೆಂಡು ಬಂದಾಗೆಲ್ಲ ಬಾಗ್ಲು ತೆಗೆದು ಒಳಗೆ ಹತ್ತಿಸ್ಕೊಂಡ," ಎಂದ ಮಿಲ್ಟನ್.

"ಮೂರು, ದಪ್ಪ ಕಾರ್ದೋಸೋ."

"ಥೂ. ಅವನ ಸೊಂಟ ನನ್ನ ಅಂಗಡೀಲಿ ಕೊಕ್ಕೆಗೆ ಹಾಕಿದ್ರೆ ವಾರ ಪೂರ್ತಿ ಬೇರೆ ಮಾಲು ತರ್ಸೋದೇ ಬೇಡ."

"ಏಳು, ಫಾಬ್ರಿಸಿಯೋ ಲೆಮೋಸ್."

ಎಲ್ಲರೂ ತಿರುಗಿ ಬರಾಂಕೋನ ಕಡೆ ನೋಡಿದರು. ಲೆಮೋಸ್ ಅವನ ಅಳಿಯ.

"ಹುಡುಗ ಮೈದಾನ ಚೆನ್ನಾಗಿ ಓದ್ತಾನೆ. ಆಟ ಅರ್ಥ ಆಗತ್ತೆ ಅವನಿಗೆ," ಎಂದ ಬರಾಂಕೋ.

"ಓದ್ಲಿ, ಓದಿ ಪರೀಕ್ಷೆ ಪಾಸು ಮಾಡ್ಲಿ. ಓಡೋದು ಯಾರು, ನಿಮ್ಮ ಅಂಗಡಿ ಹಾಸಿಗೇನಾ?" ಎಂದ ಮಿಲ್ಟನ್.

ಗ್ಲಾದಿಸ್ ಕಿಟಕಿಯಿಂದ ಸೌಟು ಅಲ್ಲಾಡಿಸಿದಳು. "ಹೋದ್ವರ್ಷ ಕಾಲ್ಬೆರಳು ನೋವು ಅಂತ ಅರ್ಧ ಆಟಕ್ಕೆ ಬಿಟ್ಬಂದು ಇಲ್ಲಿ ಕೂತು ಮೂರು ತಟ್ಟೆ ಖಾಲಿ ಮಾಡ್ದ. ಬೆರಳು ನೋವಿಗೆ ಹೊಟ್ಟೆ ತುಂಬ್ಸೋ ಔಷಧಿ ಯಾವ ಡಾಕ್ಟ್ರು ಬರ್ಕೊಟ್ಟಿದ್ದೋ!"

ಹೀಗೇ ಸಾಗಿತು. ಒಬ್ಬೊಬ್ಬರ ಹೆಸರಿಗೂ ಒಂದೊಂದು ಉಗುಳು. ಬೆನ್ನು ಹಿಡಿದವನು, ಕಣ್ಣು ಕಾಣದವನು, ಹೆಂಡತಿಗೆ ಹೆದರಿ ಅಭ್ಯಾಸಕ್ಕೆ ಬಾರದವನು. ಬೇರೆ ಊರಿನ ಕ್ಲಬ್ಬುಗಳು ಗುಡಿಸಿ ಹೊರಗೆ ಹಾಕಿದ್ದನ್ನೆಲ್ಲ ಬರಾಂಕೋ ಬುಟ್ಟಿಯಲ್ಲಿ ತುಂಬಿಕೊಂಡು ಬಂದಂತಿತ್ತು. ಒಂಬತ್ತನೆಯ ಹೆಸರಿಗೆ ಮಾತ್ರ ಗಾಳಿಯೇ ಬದಲಾಯಿತು.

"ಒಂಬತ್ತು, ಲೀಬೆರ್."

ಮಿಲ್ಟನ್ ಡ್ರಮ್ಮನ್ನು ಒಮ್ಮೆ ಗುಡುಗಿಸಿದ. ಹೆಂಗಸರು ಚಪ್ಪಾಳೆ ತಟ್ಟಿದರು. ತಬಾರೆ ಟೋಪಿ ತೆಗೆದ. ಲೀಬೆರ್ ನನ್ನ ತಂಗಿ ಮಿರ್ತಾಳ ಮಗ, ಇಪ್ಪತ್ತಾರು ವರ್ಷ. ನಮ್ಮ ಬೀದಿಯಲ್ಲೇ ಹುಟ್ಟಿ, ನಮ್ಮ ಮೈದಾನದಲ್ಲೇ ನಡೆಯಲು ಕಲಿತವನು. ಮೂರು ವರ್ಷದ ಹಿಂದೆ ಇದೇ ಮೊಲಿನೋದವರ ಮೇಲಿನ ಪಂದ್ಯದಲ್ಲಿ, ಆರನೆಯ ನಿಮಿಷಕ್ಕೆ, ಅವನ ಬಲ ಮಂಡಿ ಹರಿದುಹೋಯಿತು. ಅಂದಿನಿಂದ ಆಡಿರಲಿಲ್ಲ. ಇಡೀ ಬೀದಿ ಅವನ ಹಿಂದೆ ನಿಂತಿತ್ತು. ಈ ವರ್ಷ ಅವನು ವಾಪಸು ಬರುತ್ತಾನೆ, ಅದೂ ಅದೇ ಮೊಲಿನೋದವರ ಮೇಲೆ. ಈ ದರಿದ್ರ ಪಟ್ಟಿಯಲ್ಲಿ ಓದಲು ಯೋಗ್ಯವಾಗಿದ್ದ ಹೆಸರು ಅದೊಂದೇ.

ಹದಿನೆಂಟು ಮುಗಿಯಿತು. ಚೀಟಿಯ ತಳದಲ್ಲಿ, ಮಡಿಕೆಯ ಕೆಳಗೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರಿತ್ತು. ನಾನು ನೆಲಕ್ಕೆ ಉಗಿದದ್ದು ಅದನ್ನು ಕಂಡು.

"ಹತ್ತೊಂಬತ್ತು," ಎಂದೆ. "ಪೀರಿಸ್."

ಮೊಲಿನೋದ ಪೀರಿಸ್. ಲೀಬೆರ್‌ನ ಕಾಲಿಗೆ ಕಾಲು ಹಾಕಿದ ಪೀರಿಸ್. ಲೀಬೆರ್ ನೆಲಕ್ಕೆ ಬಿದ್ದಾಗ ಅವನ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಆ ಪ್ರಾಣಿ. ಮೂರು ವರ್ಷದ ಹಿಂದೆ ನಾನೇ ಸೇತುವೆಯ ಕಂಬದ ಮೇಲೆ, ಆಚೆ ದಡದವರಿಗೂ ಕಾಣುವ ಹಾಗೆ, ಆಳೆತ್ತರದ ಅಕ್ಷರಗಳಲ್ಲಿ ಪೀರಿಸ್ ಕಟುಕ ಎಂದು ಬರೆದಿದ್ದೆ. ಅದು ಮಾಸಿದಾಗಲೆಲ್ಲ ಮತ್ತೆ ತೀಡುತ್ತಿದ್ದೆ. ಮಿಲ್ಟನ್ ಮಾತ್ರ ನನ್ನ ಮೇಲೆ ಒಂದು ತಿಂಗಳು ಮುನಿಸಿಕೊಂಡಿದ್ದ. ಕಟುಕ ಅನ್ನೋದು ಬೈಗುಳ ಅಲ್ಲ ಕಣೋ, ನಾವು ಮರ್ಯಾದಸ್ಥ ಜನ, ಎಂದಿದ್ದ.

ಗಲಾಟೆ ಎದ್ದಿತು. ಯಾರೋ ಬರಾಂಕೋನ ಬೂಟಿನ ಮೇಲೆ ಉಗಿದರು.

"ನಾಚಿಕೆ ಆಗಲ್ವಾ ನಿಂಗೆ! ಆ ನಾಯಿಗೆ ನಮ್ಮ ಅಂಗಿ ತೊಡಿಸ್ತೀಯಾ?" ಎಂದು ಕಿರುಚಿದಳು ಗ್ಲಾದಿಸ್.

"ನಾನೇನ್ಮಾಡ್ಲಿ? ಮೊಲಿನೋದವ್ರು ಅವನನ್ನ ಬಿಟ್ಬಿಟ್ರು. ಪುಕ್ಸಟ್ಟೆ ಸಿಕ್ಕಿದ. ಹೋದ್ವರ್ಷ ಹದಿನಾಲ್ಕು ಗೋಲು ಹೊಡ್ದಿದಾನೆ. ನಾವೆಲ್ಲ ಸೇರಿ ಒಂಬತ್ತು ಹೊಡ್ದಿದೀವಿ!"

"ಹೊಡೀಲಿ. ತಾಯಾಣೆ, ಅವ್ನು ಇಪ್ಪತ್ತು ಗೋಲು ಹೊಡೆದ್ರೂ ಈ ಕೈ ಡ್ರಮ್ಮು ಮುಟ್ಟಲ್ಲ," ಎಂದ ಮಿಲ್ಟನ್.

ತಬಾರೆ ಕೊಳವೆಯಿಂದ ಬಾಯಿ ತೆಗೆದು ಕೈಯೆತ್ತಿದ. "ಯಾಕ್ರಯ್ಯಾ ಬಾಯಿ ನೋಯಿಸ್ಕೊಳ್ತೀರಾ? ಗೋಡೇಲಿ ಎಷ್ಟು ಸಾಲು?"

"ಹದಿನೆಂಟು!" ಎಂದರು ಎಲ್ಲರೂ.

"ಹತ್ತೊಂಬತ್ತನೆಯೋನು ಎಲ್ಲಿಗೆ?"

"ಚರಂಡಿಗೆ!"

ತೀರ್ಮಾನವಾಗಿಹೋಯಿತು. ಬರಾಂಕೋ ಏನೋ ಗೊಣಗಿ ಹೆಗಲು ಕುಣಿಸಿದ. ಗೋಡೆಗೆ ಎದುರಾಡುವ ಗುಂಡಿಗೆ ಅವನಿಗೂ ಇರಲಿಲ್ಲ. ನಾನು ಏಣಿ ಹತ್ತಿದೆ. ಕೈ ಖುಷಿಯಿಂದ ಓಡುತ್ತಿತ್ತು. ಕಪ್ಪು ಬಣ್ಣದಲ್ಲಿ ಒಂದೊಂದೇ ಹೆಸರು ಬರೆಯುತ್ತ ಹೋದೆ, ಒಂಬತ್ತನೆಯ ಸಾಲನ್ನು ಮಾತ್ರ ಖಾಲಿ ಬಿಟ್ಟೆ. ಅದನ್ನು ಕೊನೆಗೆ ಕೆಂಪಿನಲ್ಲಿ ಬರೆಯುವುದೆಂದು ಮಿಲ್ಟನ್ ಹಟ ಹಿಡಿದಿದ್ದ. ಮಾರನೆಯ ಬೆಳಿಗ್ಗೆ ಡ್ರಮ್ಮು ಬಡಿಯುತ್ತ ಲೀಬೆರ್‌ನ ಮನೆಗೆ ಹೋಗಿ, ಅವನನ್ನು ಹಾಸಿಗೆಯಿಂದೆಬ್ಬಿಸಿ ಹೆಗಲ ಮೇಲೆ ಹೊತ್ತು ಮೈದಾನಕ್ಕೆ ತರುವುದೂ ನಿಶ್ಚಯವಾಯಿತು. ಮೊಲಿನೋದವರ ಮೇಲಿನ ಆಟಕ್ಕೆ ನಮ್ಮ ಒಂಬತ್ತನೆಯ ನಂಬರಿನವನು ತನ್ನ ಕಾಲಿನ ಮೇಲೆ ನಡೆದು ಬರುವುದಿಲ್ಲ. ನಾವು ಹೊತ್ತು ತರುತ್ತೇವೆ.

ಹನ್ನೊಂದೂವರೆಗೆ ಕೆಂಪು ಬಣ್ಣ ತರಲು ಕ್ಲಬ್ಬಿನ ಹಿಂದಿನ ಕೊಟ್ಟಿಗೆಗೆ ಹೋದೆ. ಒಳಗೆ, ಸುಣ್ಣದ ಡಬ್ಬದ ಮೇಲೆ, ಲೀಬೆರ್ ಬಲಗಾಲು ಚಾಚಿಕೊಂಡು ಕೂತಿದ್ದ.

"ಬಾಗ್ಲು ಹಾಕು ಮಾವ."

"ಏನೋ ಇದು, ಹೊರಗೆ ಎಲ್ರೂ ನಿನ್ನ ಹೆಸರಿಗೆ ಬಾಯ್ಬಿಟ್ಕೊಂಡು ನಿಂತಿದಾರೆ, ನೀನಿಲ್ಲಿ ಇಲಿ ಥರ ಅಡಗಿದೀಯ!"

"ನನ್ನ ಹೆಸರು ಬರೀಬೇಡ."

ನಾನು ನಕ್ಕೆ. ಅವನು ನಗಲಿಲ್ಲ. ಪ್ಯಾಂಟನ್ನು ಮಂಡಿಯ ಮೇಲಕ್ಕೆ ಎಳೆದ. ಮಂಡಿ ಮುಚ್ಚಿಟ್ಟ ಹಿಟ್ಟಿನ ಹಾಗೆ ಉಬ್ಬಿತ್ತು.

"ಗುರುವಾರ ಅಭ್ಯಾಸದಲ್ಲಿ ಹಿಂಗಾಯ್ತು. ಯಾರೂ ಮುಟ್ಟಿಲ್ಲ, ಸುಮ್ನೆ ತಿರುಗಿದೆ ಅಷ್ಟೆ. ಡಾಕ್ಟ್ರತ್ರ ಹೋಗಿದ್ದೆ. ನೆಟ್ಟಗೆ ನಡ್ಕೊಂಡಿದ್ರೆ ಜೀವನ ಪೂರ್ತಿ ನಡೀತೀಯ, ತಿರುಗೋದು ಹಾರೋದು ಮಾಡಿ ಇನ್ನೊಂದ್ಸಲ ಹರ್ಕೊಂಡ್ರೆ ಕೋಲೇ ಗತಿ ಅಂದ್ರು."

"ಮತ್ತೆ ನಿಂಗೆ ಸಿಕ್ಕಿರೋ ಅಂಚೆ ಕೆಲ್ಸ?"

"ಏಪ್ರಿಲ್‌ಗೆ ಸೇರ್ಬೇಕು. ಕೋಲು ಹಿಡ್ಕೊಂಡೋನ ಹೆಗಲಿಗೆ ಕಾಗದದ ಚೀಲ ಹಾಕ್ತಾರಾ?"

"ಹಂಗಾದ್ರೆ ಹೊರಗೆ ಬಾ. ಆಗಲ್ಲ ಅಂತ ಬಾಯ್ಬಿಟ್ಟು ಹೇಳು."

"ಯಾರಿಗೆ ಹೇಳ್ಲಿ? ಮಿಲ್ಟನ್‌ಗಾ? ಎಂಟು ತಿಂಗ್ಳು ನನ್ನ ಮಗು ಥರ ಎತ್ಕೊಂಡು ಬಸ್ಸು ಹತ್ಸಿದಾನೆ. ತಬಾರೆ ತಾತ ಆಸ್ಪತ್ರೆ ಕುರ್ಚೀಲಿ ಮಲಗ್ತಿದ್ದ. ಗ್ಲಾದಿಸ್ ಅತ್ತೆ ನನ್ನ ಹೊಲಸು ಬಟ್ಟೆ ಒಗೆದಿದಾಳೆ. ಎಲ್ರೂ ಕೇಳೋದು ಒಂದೇ ಮಾತು, ಲೀಬೆರ್ ಯಾವಾಗ ಆಡ್ತೀಯ, ಯಾವಾಗ ಆಡ್ತೀಯ. ಹೆಂಗೆ ಬೇಡ ಅನ್ಲಿ? ಅಂದ್ರೂ ಏನು, ಬ್ಯಾಂಡೇಜು ಸುತ್ಕೋ ಅಂತಾರೆ. ಹೋದ್ಸಲ ಕೇಳಿದ್ರಾ?"

"ಹೋದ್ಸಲ ಆ ಪೀರಿಸ್ ಕಡಿದ. ಅದಕ್ಕೂ ಇದಕ್ಕೂ ಏನೋ ಸಂಬಂಧ?"

"ಹೋದ್ಸಲ ಬೆಳಿಗ್ಗೆ ನಿನಗೆ ನಾನೇನಂದೆ ಮಾವ?"

ನನಗೆ ನೆನಪಿತ್ತು. ಮರೆತಿದ್ದೇನೆ ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ, ಆದರೆ ಒಂದಕ್ಷರವೂ ಮರೆತಿರಲಿಲ್ಲ. ಮಿರ್ತಾಳ ಅಡುಗೆಮನೆ, ಬೀದಿಯ ತುದಿಯಲ್ಲಿ ಡ್ರಮ್ಮಿನ ಸದ್ದು. ಮಂಡಿ ಒಳಗೆ ಏನೋ ಸಡಿಲ ಆದ ಹಾಗಿದೆ ಮಾವ, ಇವತ್ತು ಬೇಡ ಅನ್ಸತ್ತೆ, ಎಂದಿದ್ದ. ಮೊಲಿನೋದವರ ಮೇಲೆ ಆಟ ಇರೋ ದಿನ ಮಂಡಿ ಸುದ್ದಿ ಎತ್ತಬೇಡ, ಬ್ಯಾಂಡೇಜು ಸುತ್ಕೋ, ಎಂದಿದ್ದೆ ನಾನು. ಬಾಗಿಲು ತೆರೆದು ಡ್ರಮ್ಮಿನವರನ್ನು ಒಳಗೆ ಬಿಟ್ಟವನೂ ನಾನೇ. ಅವನ ಎಡತೊಡೆಗೆ ಹೆಗಲು ಕೊಟ್ಟವನೂ ನಾನೇ.

"ಪೀರಿಸ್ ನನ್ನ ಮುಟ್ಟಿದ್ದು ಹೌದು," ಎಂದ ಲೀಬೆರ್. "ಅಂಥದ್ದು ವಾರಕ್ಕೆ ಹತ್ತು ತಿಂತೀವಿ. ಕಾಲು ಆಗ್ಲೇ ಹೋಗಿತ್ತು. ಅವ್ನು ಆಸ್ಪತ್ರೆಗೆ ಮೂರ್ಸಲ ಬಂದಿದ್ದ, ಗೊತ್ತಾ? ನೀವ್ಯಾರೂ ಇಲ್ಲದ ಹೊತ್ತು ನೋಡ್ಕೊಂಡು. ಕಿತ್ತಳೆ ಹಣ್ಣು ಇಟ್ಟು, ತಲೆ ಬಗ್ಗಿಸ್ಕೊಂಡು ಹೋಗ್ತಿದ್ದ."

ಆ ಕಿತ್ತಳೆ ಹಣ್ಣುಗಳು! ಮಿರ್ತಾ ತಂದಿಟ್ಟಿದ್ದಾಳೆಂದು ತಿಳಿದು ಅರ್ಧಕ್ಕರ್ಧ ನಾನೇ ಸುಲಿದು ತಿಂದಿದ್ದೆ. ತಿಂದು, ಕೈ ಒರೆಸಿಕೊಂಡು, ಸೇತುವೆಗೆ ಹೋಗಿ ಅವನನ್ನು ಕಟುಕ ಎಂದು ಬರೆದಿದ್ದೆ. ಬರಾಂಕೋನ ಮೇಲೆ, ಅವನ ಅಳಿಯನ ಮೇಲೆ, ಬೆಳಿಗ್ಗೆಯಿಂದ ನನಗಿದ್ದ ಹೇಸಿಗೆಯೆಲ್ಲ ಗಿರ್ರನೆ ತಿರುಗಿ ನನ್ನ ಮೇಲೇ ಬಿತ್ತು. ನನಗಿಂತ ಕೊಳಕು ಮನುಷ್ಯನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

"ಇಷ್ಟು ದಿನ ಯಾಕೋ ಹೇಳ್ಲಿಲ್ಲ?"

"ನೀನು ದಿನಾ ಅವನನ್ನ ಬೈಕೊಂಡಾದ್ರೂ ನೆಮ್ಮದಿಯಾಗಿದ್ದೆ."

ಹೊರಗೆ ಮಿಲ್ಟನ್ ಕೂಗಿದ. "ಓಸ್ಮಾರ್! ಬಣ್ಣ ತರೋಕೆ ಹೋದ್ಯೋ, ಬಣ್ಣ ಕುಡಿಯೋಕೆ ಹೋದ್ಯೋ?"

"ಸಾಲು ಖಾಲಿ ಬಿಡ್ತೀನಿ," ಎಂದೆ ಪಿಸುದನಿಯಲ್ಲಿ.

"ಖಾಲಿ ಬಿಟ್ರೆ ಮಿಲ್ಟನ್ ಕುಂಚ ಕಿತ್ಕೊಂಡು ತಾನೇ ಗೀಚ್ತಾನೆ. ತುಂಬ್ಬೇಕು. ತುಂಬಿದ್ದನ್ನ ಅಳ್ಸೋ ಧೈರ್ಯ ಯಾರಿಗೂ ಇಲ್ಲ." ಅವನು ನನ್ನ ಕೈಗೆ ಕೆಂಪು ಡಬ್ಬ ಕೊಟ್ಟ. "ಚೀಟೀಲಿ ಇನ್ನೊಂದು ಹೆಸರು ಇದೆಯಲ್ಲ, ಹತ್ತೊಂಬತ್ತನೇದು."

"ನನ್ನ ಹುರಿದು ತಿಂತಾರೆ ಕಣೋ."

"ಹೌದು ಮಾವ," ಎಂದ.

ಸಮಾಧಾನಕ್ಕಾದರೂ ಇಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

ನಾನು ಹೊರಗೆ ಬಂದೆ. ಗ್ಲಾದಿಸ್‌ಳ ಕಿಟಕಿಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮಿಲ್ಟನ್ ಮೆಲ್ಲಗೆ ಡ್ರಮ್ಮು ಬಡಿಯತೊಡಗಿದ, ಜನ ಒತ್ತೊತ್ತಾಗಿ ಹತ್ತಿರ ಬಂದರು. ಏಣಿ ಹತ್ತಿ ಕುಂಚ ಅದ್ದಿದೆ. ಮೊದಲ ಅಕ್ಷರದ ನೆಟ್ಟನೆಯ ಗೀಟು ಎಳೆದಾಗ ಹಿಂದೆ ಜೈಕಾರ ಎದ್ದಿತು; ನಮ್ಮ ರೋಮನ್ ಬರಹದಲ್ಲಿ ಎಲ್ ಆಗಲಿ ಪಿ ಆಗಲಿ, ಎರಡು ಹೆಸರೂ ಶುರುವಾಗುವುದು ಅಂಥ ಗೀಟಿನಿಂದಲೇ. ಲೀಬೆರ್ ಆಗಿದ್ದರೆ ಗೀಟಿನ ಬುಡದಲ್ಲಿ ಅಡ್ಡಗೆರೆ ಬರಬೇಕು. ನಾನು ಕುಂಚವನ್ನು ಮೇಲಕ್ಕೆ ಒಯ್ದು, ಗೀಟಿನ ತಲೆಗೆ ಹೊಟ್ಟೆ ಬರೆದೆ.

ಡ್ರಮ್ಮು ನಿಂತಿತು.

"ಓಸ್ಮಾರ್," ಎಂದ ಮಿಲ್ಟನ್. "ಏನೋ ಅದು? ಅಲ್ಲಿ ಹೊಟ್ಟೆ ಯಾಕೆ ಬಂತು?"

ನಾನು ತಿರುಗಲಿಲ್ಲ. ಎರಡನೆಯ ಅಕ್ಷರ ಬರೆದೆ, ಮೂರನೆಯದು ಬರೆದೆ. ಯಾರೋ ಏಣಿ ಅಲ್ಲಾಡಿಸಿದರು. ಇನ್ನೊಂದು ಕೈ ಅದನ್ನು ಹಿಡಿದು ನಿಲ್ಲಿಸಿತು. ಬರೆಯುವವನನ್ನು ಬೀಳಿಸುವುದೂ ನಮ್ಮಲ್ಲಿ ಅಪಶಕುನವೇ. ನನ್ನನ್ನು ಅವತ್ತು ಕಾಪಾಡಿದ್ದು ಅವರ ಭಯ, ಪ್ರೀತಿಯಲ್ಲ.

"ಕುಡ್ದಿದಾನೆ! ಇಳಿಸ್ರೋ ಅವನ್ನ!"

"ಬರಾಂಕೋ ಇವನಿಗೆ ಎಷ್ಟು ತಿನ್ಸಿದಾನೋ ಕೇಳಿ! ಸ್ವಂತ ತಂಗಿ ಮಗನ್ನ ಮಾರ್ಕೊಂಡ, ಥೂ!"

ಕೊನೆಯ ಅಕ್ಷರದ ಬಾಲ ಎಳೆಯುತ್ತಿದ್ದಾಗ ಗ್ಲಾದಿಸ್ ಮುಚ್ಚಳ ಬಡಿದಳು. ಅವಳು ಎಂದೂ ಅಷ್ಟು ಜೋರಾಗಿ ಬಡಿದಿರಲಿಲ್ಲ. ನನ್ನ ತಲೆಯನ್ನೇ ಬಡಿದ ಹಾಗೆ ಬಡಿದಳು. ನಾನು ಇಳಿದೆ. ತಬಾರೆ ಕುರ್ಚಿಯಿಂದೆದ್ದು ನಿಧಾನವಾಗಿ ನನ್ನ ಮುಂದೆ ಬಂದು ನಿಂತ. ನನ್ನ ಅಪ್ಪನ ಗೆಳೆಯ, ನನ್ನನ್ನು ಎತ್ತಿ ಆಡಿಸಿದವನು. ಕೈಯಲ್ಲಿದ್ದ ಬುರುಡೆಯನ್ನು ನನ್ನ ತಲೆಯ ಮೇಲೆ ಬೋರಲು ಹಾಕಿದ. ಹಸಿ ಸೊಪ್ಪು, ಬಿಸಿನೀರು, ಅವನ ಎಂಜಲು, ಎಲ್ಲ ನನ್ನ ಕಿವಿಯ ಮೇಲಿಂದ ಕತ್ತಿನೊಳಕ್ಕೆ ಇಳಿಯಿತು.

"ನಿಮ್ಮಪ್ಪ ಕಟ್ಟಿದ ದಾರಕ್ಕೆ ಹೊಲಸು ಬಳಿದ್ಯಲ್ಲೋ," ಎಂದ.

ಕೊಟ್ಟಿಗೆಯ ಕಡೆಯಿಂದ ಲೀಬೆರ್ ಬಂದ. ಜನ ದಾರಿ ಬಿಟ್ಟರು. ಅವನು ಗೋಡೆ ನೋಡಿದ, ನನ್ನ ನೋಡಿದ. ಮಿಲ್ಟನ್ ಅವನ ಹೆಗಲ ಮೇಲೆ ಕೈ ಹಾಕಿ ಅಳುತ್ತಿದ್ದ. ಆ ಎತ್ತಿನಂಥ ಮನುಷ್ಯ ಗೊಳೋ ಎಂದು ಅಳುತ್ತಿದ್ದ. "ನೋಡೋ, ನಿನ್ನ ಮಾವ ಏನ್ಮಾಡ್ದ ನೋಡೋ!"

"ನನಗೆ ಮಾವ ಯಾರೂ ಇಲ್ಲ," ಎಂದ ಲೀಬೆರ್.

ಅಷ್ಟು ಚೆನ್ನಾಗಿ ಹೇಳು ಎಂದು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಅದು ನಟನೆ ಎಂದು ನನಗೆ ಗೊತ್ತಿತ್ತು. ಪೂರಾ ನಟನೆಯಲ್ಲ ಎಂಬುದೂ ಗೊತ್ತಿತ್ತು. ಅವನು ಬೀದಿಯುದ್ದಕ್ಕೂ ನೆಟ್ಟಗೆ ನಡೆದು ಹೋದ, ಹಲ್ಲು ಕಚ್ಚಿಕೊಂಡು, ಒಂದು ಸಲವೂ ಕುಂಟದೆ. ಅವತ್ತು ಗ್ಲಾದಿಸ್ ನನಗೆ ಸಾರು ಬಡಿಸಲಿಲ್ಲ. ಮನೆಗೆ ಹೋಗಿ ತಲೆ ತೊಳೆದುಕೊಂಡೆ. ಸೊಪ್ಪಿನ ಕಹಿ ವಾಸನೆ ಹೋಗಲಿಲ್ಲ.

ಭಾನುವಾರ ನಾನು ಮೈದಾನಕ್ಕೆ ಹೋಗದೆ ಇರಬಹುದಿತ್ತು. ನಲವತ್ತೊಂದು ವರ್ಷದಲ್ಲಿ ತಪ್ಪಿಸಿದವನಲ್ಲ, ಕಾಲು ತಾನೇ ಕರೆದುಕೊಂಡು ಹೋಯಿತು. ಮೆಟ್ಟಿಲುಗಳ ತುತ್ತತುದಿಯಲ್ಲಿ ಒಬ್ಬನೇ ಕೂತೆ. ನನ್ನ ಅಕ್ಕಪಕ್ಕದ ಜಾಗ ಖಾಲಿಯೇ ಉಳಿಯಿತು. ಲೀಬೆರ್‌ನನ್ನು ನನಗಿಂತ ನಾಲ್ಕು ಮೆಟ್ಟಿಲು ಕೆಳಗೆ, ಡ್ರಮ್ಮಿನ ಪಕ್ಕ, ಮಿಲ್ಟನ್ ಮತ್ತು ತಬಾರೆಯ ನಡುವೆ ರಾಜನ ಹಾಗೆ ನಿಲ್ಲಿಸಿಕೊಂಡಿದ್ದರು.

ಆಟ ಪಟ್ಟಿಯಷ್ಟೇ ಹೊಲಸಾಗಿತ್ತು. ಕಾರ್ದೋಸೋ ಅರ್ಧ ಗಂಟೆಗೇ ಕೆಮ್ಮತೊಡಗಿದ. ಅಧ್ಯಕ್ಷರ ಅಳಿಯ ಮೈದಾನ ಓದುತ್ತ ನಿಂತ. ಪೀರಿಸ್‌ಗೆ ಚೆಂಡು ಸಿಕ್ಕಾಗಲೆಲ್ಲ ನಮ್ಮವರೇ ಸೀಟಿ ಹೊಡೆದರು, ಕಿತ್ತಳೆ ಸಿಪ್ಪೆ ಎಸೆದರು. ಅವನು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ಕೆಲಸಕ್ಕೆ ಬಂದ ಕೂಲಿಯವನ ಹಾಗೆ ಓಡಾಡುತ್ತಿದ್ದ. ಎಂಬತ್ತಮೂರನೆಯ ನಿಮಿಷಕ್ಕೆ ಮೊಲಿನೋದ ಗೋಲ್‌ಕೀಪರನ ಕೈಯಿಂದ ಚೆಂಡು ಜಾರಿತು. ಪೀರಿಸ್ ಅಲ್ಲಿದ್ದ. ಒದ್ದ. ಬಲೆ ನಡುಗಿತು.

ಮೊದಲು ಕೂಗಿದ್ದು ಯಾರು ಗೊತ್ತೆ? ನಾನು. ಗಂಟಲು ಹರಿಯುವ ಹಾಗೆ ಗೋಲು ಎಂದು ಕೂಗಿದವನು ನಾನು. ನನ್ನ ಕೂಗಿನ ಹಿಂದೆಯೇ ಇಡೀ ಮೆಟ್ಟಿಲು ಕೂಗಿತು. ಮಿಲ್ಟನ್ ಎರಡೂ ಕೈಯಿಂದ ಡ್ರಮ್ಮು ಚಚ್ಚುತ್ತಿದ್ದ, ತಾಯಿಯ ಮೇಲೆ ಆಣೆಯಿಟ್ಟ ಅದೇ ಕೈ. "ಪೀರಿಸ್! ನಮ್ಮ ಪೀರಿಸ್!" ಎಂದು ಬಡಕೊಳ್ಳುತ್ತಿದ್ದ. "ನಾನು ನಿನ್ನೇನೇ ಹೇಳ್ಲಿಲ್ವಾ, ಇವನನ್ನ ಬರೀಬೇಕು ಅಂತ!" ಹಿಂದಿನ ದಿನ ಉಗಿದ ಬಾಯಿಗಳೆಲ್ಲ ಈಗ ಆ ಹೆಸರನ್ನು ಚಪ್ಪರಿಸುತ್ತಿದ್ದವು. ಅಸಹ್ಯವಾಯಿತು. ಅವರನ್ನು ಕಂಡು, ಅವರೊಳಗೆ ಒಬ್ಬನಾದ ನನ್ನನ್ನು ಕಂಡು.

ಆಮೇಲೆ ಜಿಗಿತ ಶುರುವಾಯಿತು. ಗೋಲು ಬಿದ್ದಾಗ ನಮ್ಮ ಮೆಟ್ಟಿಲ ಮೇಲೆ ಎಲ್ಲರೂ ಜಿಗಿಯಬೇಕು. ಜಿಗಿಯದೆ ನಿಂತವನು ಆಚೆ ದಡದವನು. ಮುದುಕರು, ಬಸುರಿಯರು, ಯಾರಿಗೂ ವಿನಾಯಿತಿಯಿಲ್ಲ. ತಬಾರೆಯೂ ಕಂಬಿ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಿದ್ದ. ಮಿಲ್ಟನ್ ಲೀಬೆರ್‌ನ ತೋಳು ಹಿಡಿದು ಎಳೆದ.

"ಜಿಗಿಯೋ! ನಿನ್ನ ಶತ್ರು ಗೋಲಾದ್ರೂ ನಮ್ಮ ಗೋಲು ಕಣೋ, ಜಿಗಿ!"

ಲೀಬೆರ್ ಸುತ್ತ ನೋಡಿದ. ಎಲ್ಲರ ಕಣ್ಣೂ ಅವನ ಮೇಲಿತ್ತು, ಪ್ರೀತಿಯಿಂದ. ಅವನು ಮಂಡಿ ಬಗ್ಗಿಸಿದ. ಆ ಬಗ್ಗುವಿಕೆಯನ್ನು ನಾನು ಹಿಂದಿನಿಂದ ಕಂಡೆ. ಮೂರು ವರ್ಷದ ಹಿಂದೆ ಅಡುಗೆಮನೆಯಲ್ಲಿ ಬ್ಯಾಂಡೇಜು ಸುತ್ತಲು ಬಗ್ಗಿದ್ದು ಹೀಗೆಯೇ.

ನಾನು ಎದೆ ಹಿಡಿದುಕೊಂಡು, "ಅಯ್ಯೋ ಸತ್ತೆ!" ಎಂದು ಹೋರಿಯಂತೆ ಒರಲಿ, ಮೆಟ್ಟಿಲ ಮೇಲೆ ಧೊಪ್ಪನೆ ಕುಸಿದೆ.

ಲೀಬೆರ್ ತಿರುಗಿದ. ಮಿಲ್ಟನ್‌ನ ಕೈ ಕೊಡವಿ ನಾಲ್ಕು ಮೆಟ್ಟಿಲು ಹತ್ತಿ ಬಂದ, ಕಂಬಿ ಹಿಡಿದು, ಒಂದೊಂದಾಗಿ. "ಎಷ್ಟಂದ್ರೂ ರಕ್ತ ಅಲ್ವಾ," ಎಂದರು ಯಾರೋ. "ಆ ದ್ರೋಹಿ ಸಾಯೋದಾದ್ರೆ ಸಾಯ್ಲಿ ಬಿಡೋ," ಎಂದರು ಇನ್ಯಾರೋ. ಆಮೇಲೆ ಮತ್ತೆ ಜಿಗಿತ, ಮತ್ತೆ ಪೀರಿಸ್, ಪೀರಿಸ್.

ಅವನು ನನ್ನ ಪಕ್ಕ ಬಗ್ಗಿದ. ಮುಖ ಬಿಳಿಚಿತ್ತು. "ಮಾವ! ಎದೆ ನೋವಾ?"

"ಏನೂ ಇಲ್ಲ," ಎಂದೆ. "ಕೂತ್ಕೋ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬಲಗಾಲನ್ನು ಮುಂದಿನ ಮೆಟ್ಟಿಲಿಗೆ ಚಾಚಿ, ಉಸಿರು ಬಿಟ್ಟು, ನನ್ನ ಪಕ್ಕದ ಖಾಲಿ ಜಾಗದಲ್ಲಿ ಕೂತ. ಅವರು ಜಿಗಿದು ಮುಗಿಸುವ ತನಕ ನಾನು ಎದೆಯ ಮೇಲಿಂದ ಕೈ ತೆಗೆಯಲಿಲ್ಲ.